ಮಿರ್ಚಿಯ ಮೂಗು ಮತ್ತು ಒಂದು ಹಿಡಿ ಮಂಡಕ್ಕಿ

(ದಾವಣಗೆರೆಯ ವಿದ್ಯಾನಗರದಲ್ಲಿ ನಾಯಿ ಸಾಕುವವರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ನಮ್ಮಲ್ಲಿ ಒಂದು ಗಾದೆ ಇದೆ. ‘ನಾಯಿಗೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ.’ ನನ್ನ ಅಜ್ಜಿ ಮನೆಯ ಮಕ್ಕಳಿಗೆಲ್ಲ ಇದನ್ನು ಹೇಳುತ್ತಿದ್ದರು. ಅದರ ಅರ್ಥ ನನಗೆ ಪೂರ್ತಿ ತಿಳಿದದ್ದು 60 ದಾಟಿದ ಮೇಲೆ, ಮನೆಗೆ ಮಿರ್ಚಿ ಬಂದಾಗ. ಗಾದೆಯ ಎರಡು ಭಾಗ ಬೇರೆ ಬೇರೆ ಮಾತಲ್ಲ. ಕೆಲಸ ಇಲ್ಲ, ಅದಕ್ಕೇ ಕೂರೋಕೆ ಆಗುತ್ತಿಲ್ಲ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಹೆಚ್ಚುಕಡಿಮೆ ಇದೇ.

ಮಿರ್ಚಿ ಜಾಕ್ ರಸೆಲ್ ಟೆರಿಯರ್. ತೂಕ 6 ಕಿಲೊ, ಅಂದರೆ 25 ಕಿಲೊ ಅಕ್ಕಿ ಚೀಲದ ಕಾಲು ಭಾಗ. ನನ್ನ ಮಗ ಬೆಂಗಳೂರಿನ ಫ್ಲ್ಯಾಟಿಗೆ ಅಂತ ತಂದಿದ್ದ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಮೂರು ತಿಂಗಳಲ್ಲಿ ಸೋಫಾದ ಒಂದು ಕೈ ಇರಲಿಲ್ಲ. ಒಂದು ಶನಿವಾರ ರಾತ್ರಿ ಕಾರಿನಲ್ಲಿ ಕರೆದುಕೊಂಡು ಬಂದ. “ಅಮ್ಮಾ, ಒಂದು ತಿಂಗಳು ಇಟ್ಕೊಂಡಿರು” ಅಂದ. ನಾಲ್ಕು ವರ್ಷ ಆಯಿತು.

ಬಂದ ಮೊದಲ ಹದಿನೈದು ದಿನ ಏನೇನಾಯಿತು ಅಂತ ಹೇಳುತ್ತೇನೆ. ಇಲ್ಲಿ ಕೂತಿರುವ ಹಲವರ ಮನೆಯಲ್ಲೂ ಇದೇ ನಡೆದಿರುತ್ತದೆ. ನಮ್ಮ ಯಜಮಾನರ ಚಪ್ಪಲಿ, ಯಾವಾಗಲೂ ಎಡಗಾಲಿನದೇ. ನೆಲ ಒರೆಸುವ ಬಟ್ಟೆ. ತುಳಸಿ ಕಟ್ಟೆಯ ಮಣ್ಣು ಅಂಗಳದ ತುಂಬ. ಹಾಲಿನವರು ಬಂದರೆ ಅವರ ಪ್ಯಾಂಟಿನ ಅಂಚು. ಗೇಟಿನ ಕೆಳಗೆ ನಾಲ್ಕು ಬೆರಳು ಸಂದು ಇತ್ತು, ಅದನ್ನು ತೋಡಿ ತೋಡಿ ದೊಡ್ಡದು ಮಾಡಿ ಎರಡು ಸಲ ಪರಾರಿ. ಎರಡನೇ ಸಲ ಸಿಕ್ಕಿದ್ದು ಮುಖ್ಯ ರಸ್ತೆಯ ಹತ್ತಿರ, ಬಸ್ಸುಗಳ ನಡುವೆ. ಆ ದಿನ ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು.

ಎಲ್ಲರೂ ಒಂದೇ ಮಾತು ಹೇಳಿದರು. “ಚೆನ್ನಾಗಿ ಓಡಿಸಿ, ಸುಸ್ತಾಗಿ ಬಿದ್ಕೊಳ್ಳುತ್ತೆ.” ನಾನೂ ನಂಬಿದೆ. ದಿನಾ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಹೋಗಿ ಚೆಂಡು ಎಸೆದೆ. ಮೊದಲ ವಾರ ಇಪ್ಪತ್ತು ಸಲ ಎಸೆದರೆ ಏದುಸಿರು ಬಿಡುತ್ತಿದ್ದಳು. ತಿಂಗಳಾಗುವಷ್ಟರಲ್ಲಿ ಅರವತ್ತು ಸಲ ಎಸೆದರೂ ಚೆಂಡು ಕಾಲಿನ ಹತ್ತಿರ ಇಟ್ಟು ಬೊಗಳುತ್ತಿದ್ದಳು. ಮನೆಗೆ ಬಂದರೆ ಇನ್ನೂ ಜಾಸ್ತಿ ಕುಣಿತ. ನಾನು ಮಾಡುತ್ತಿದ್ದ ತಪ್ಪು ಆಮೇಲೆ ತಿಳಿಯಿತು. ನಮ್ಮೂರಿನಲ್ಲಿ ಗರಡಿ ಮನೆ ನೋಡದವರು ಯಾರಿದ್ದೀರಿ? ದಿನಾ ಸಾಮು ಮಾಡುವ ಹುಡುಗ ತಿಂಗಳು ಕಳೆದ ಮೇಲೆ ಸುಸ್ತಾಗಿ ಮನೆಯಲ್ಲಿ ಮಲಗುತ್ತಾನಾ? ಇಲ್ಲ, ಮೈ ಗಟ್ಟಿಯಾಗುತ್ತದೆ, ನಾಳೆ ಇನ್ನೂ ಐವತ್ತು ಬೈಠಕ್ ಹೊಡೆಯುತ್ತಾನೆ. ನಾನು ಮಿರ್ಚಿಯನ್ನು ಸುಸ್ತು ಮಾಡುತ್ತಿರಲಿಲ್ಲ. ಪೈಲ್ವಾನ್ ಮಾಡುತ್ತಿದ್ದೆ. ಮೇಲಾಗಿ, ಗಟ್ಟಿ ನೆಲದಲ್ಲಿ ಮತ್ತೆ ಮತ್ತೆ ಓಡಿ ಗಕ್ಕನೆ ತಿರುಗುವುದು ಕೀಲುಗಳಿಗೂ ಒಳ್ಳೆಯದಲ್ಲ.

ಹಾಗಾದರೆ ಇವಳಿಗೆ ಬೇಕಾಗಿರುವುದೇನು? ಅದಕ್ಕೆ ಇವಳ ಕುಲದವರು ಏನು ಕೆಲಸ ಮಾಡುತ್ತಿದ್ದರು ಅಂತ ನೋಡಬೇಕು.

ಈ ತಳಿಯ ಹೆಸರು ಒಬ್ಬ ಪಾದ್ರಿಯದು. ಜಾನ್ ರಸೆಲ್. 1795ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಹುಟ್ಟಿದವರು, ಜನ ಜಾಕ್ ಅಂತ ಕರೆಯುತ್ತಿದ್ದರು. ನರಿ ಬೇಟೆ ಅಂದರೆ ಅವರಿಗೆ ಪ್ರಾಣ. 1819ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಒಬ್ಬ ಹಾಲು ಮಾರುವವನ ಹತ್ತಿರ ಬಿಳಿ ಬಣ್ಣದ ಹೆಣ್ಣು ನಾಯಿಯೊಂದನ್ನು ನೋಡಿದರು. ಕಣ್ಣು ಕಿವಿಯ ಮೇಲೆ ಮಚ್ಚೆ, ಬಾಲದ ಬುಡದಲ್ಲಿ ಒಂದು ಮಚ್ಚೆ. ಅಲ್ಲೇ ಕೊಂಡುಕೊಂಡರು. ಅದರ ಹೆಸರು ಟ್ರಂಪ್. ಈ ಸಂತಾನದ ಮೂಲ ತಾಯಿ ಅದೇ ಅನ್ನುತ್ತಾರೆ.

ಕೆಲಸ ಹೇಗಿತ್ತು ಅಂದರೆ, ದೊಡ್ಡ ಬೇಟೆ ನಾಯಿಗಳು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತವೆ. ನರಿ ಬಿಲ ಹೊಕ್ಕುತ್ತದೆ. ದೊಡ್ಡ ನಾಯಿಗೆ ಬಿಲದಲ್ಲಿ ಜಾಗ ಇಲ್ಲ. ಆಗ ಈ ಪುಟ್ಟ ನಾಯಿ ಒಳಗೆ ನುಗ್ಗಬೇಕು. ಅಡ್ಡ ಬಂದ ಮಣ್ಣನ್ನು ತೋಡಬೇಕು. ಕತ್ತಲಲ್ಲಿ ನರಿಯ ಎದುರು ನಿಂತು ಬಿಡದೆ ಬೊಗಳಬೇಕು, ಮೇಲಿರುವ ಜನರಿಗೆ ಎಲ್ಲಿದೆ ಅಂತ ಕೇಳಿಸಬೇಕಲ್ಲ. ಒಳಗೆ ಯಜಮಾನ ಇಲ್ಲ, ಆದ್ದರಿಂದ ಏನು ಮಾಡಬೇಕು ಅಂತ ತಾನೇ ತೀರ್ಮಾನಿಸಬೇಕು. ಟೆರಿಯರ್ ಅನ್ನುವ ಹೆಸರೇ ನೆಲ ಅನ್ನುವ ಅರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು.

ಈಗ ನಮ್ಮ ದೂರುಗಳನ್ನು ನೋಡಿ. ಮಣ್ಣು ತೋಡುತ್ತದೆ. ಬೊಗಳಿದರೆ ನಿಲ್ಲಿಸುವುದಿಲ್ಲ. ಸಂದಿಯಲ್ಲಿ ನುಗ್ಗುತ್ತದೆ. ಹೇಳಿದ ಮಾತು ಕೇಳುವುದಿಲ್ಲ. ಇನ್ನೂರು ವರ್ಷದಿಂದ ಯಾವ ಗುಣಗಳನ್ನು ಆರಿಸಿ ಆರಿಸಿ ಮರಿ ಮಾಡಿಸಿದರೋ ಅವೇ ಗುಣಗಳನ್ನು ನಾವು ಪೋಲಿತನ ಅನ್ನುತ್ತಿದ್ದೇವೆ. ನನಗೆ ಇದು ಹೊಳೆದ ದಿನ ಮಿರ್ಚಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು.

ನಿಮ್ಮ ನಾಯಿ ಯಾವುದು ಅಂತ ನೀವೇ ನೋಡಿಕೊಳ್ಳಿ. ಡ್ಯಾಶ್‌ಹಂಡ್ ಜರ್ಮನಿಯಲ್ಲಿ ಬ್ಯಾಜರ್ ಅನ್ನುವ ಬಿಲವಾಸಿ ಪ್ರಾಣಿಯನ್ನು ಹಿಡಿಯಲು ಬೆಳೆಸಿದ್ದು, ಹೆಸರಿನಲ್ಲೇ ಅದಿದೆ. ಬೀಗಲ್ ಮೊಲದ ವಾಸನೆ ಹಿಡಿದು ಮೈಲಿಗಟ್ಟಲೆ ಹೋಗುವ ನಾಯಿ. ನಮ್ಮೂರಿನಲ್ಲಿ ಪಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಬಾಗಿಲಲ್ಲಿ ಯಾರೋ ಬಂದರು ಅಂತ ಕೂಗಿ ಹೇಳುವುದೇ ಅವುಗಳ ಹುಟ್ಟು ಗುಣ. ಬೀದಿಯ ಮರಿ ತಂದು ಸಾಕಿದವರೂ ಇದ್ದೀರಿ. ಅದಕ್ಕಂತೂ ದಿನಪೂರ್ತಿ ಊಟ ಹುಡುಕಿ ಬದುಕಿದ ತಲೆಮಾರುಗಳ ಬುದ್ಧಿ ಇರುತ್ತದೆ.

ಒಂದು ಪಕ್ಕದ ಮಾತು. ಹಳೆಯ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳ ಮೇಲೆ ಕೊಳವೆಯ ಎದುರು ತಲೆ ಓರೆ ಮಾಡಿ ಕೂತ ನಾಯಿ ನೆನಪಿದೆಯಾ? ಅದೂ ಟೆರಿಯರ್ ಜಾತಿಯದೇ. 1884ರಲ್ಲಿ ಬ್ರಿಸ್ಟಲ್ ಊರಿನಲ್ಲಿ ಹುಟ್ಟಿದ್ದು, ಹೆಸರು ನಿಪ್ಪರ್. ಬಂದವರ ಕಾಲಿನ ಹಿಂಬದಿಗೆ ಬಾಯಿ ಹಾಕುತ್ತಿತ್ತು ಅಂತ ಆ ಹೆಸರು ಬಂತು. ಆದರೆ ಒಂದು ವಿಚಿತ್ರ ಶಬ್ದ ಕೇಳಿಸಿದಾಗ ಅದು ಎಷ್ಟು ತನ್ಮಯವಾಗಿ ಕೂತಿದೆ ನೋಡಿ. ಸಾಕಿದ್ದ ಬರಾಡ್ ಅನ್ನುವ ಕಲಾವಿದರು ಅದನ್ನೇ ಚಿತ್ರ ಬರೆದರು. ತಲೆಗೆ ಕೆಲಸ ಸಿಕ್ಕಾಗ ಪೋಲಿ ನಾಯಿ ಕೂರುವುದು ಹೀಗೆ.

ನಮ್ಮ ಕಡೆಯ ಉದಾಹರಣೆಯೇ ಬೇಕಾದರೆ ಜಗಳೂರು, ಚಳ್ಳಕೆರೆ ಕಡೆ ಹೋಗಿ. ಕುರಿ ಮಂದೆಯ ಜೊತೆ ನಾಯಿ ಇರುತ್ತದೆ. ರಾತ್ರಿಯೆಲ್ಲ ಹಟ್ಟಿ ಕಾಯುತ್ತದೆ, ಹಗಲಲ್ಲಿ ನೆರಳು ಸಿಕ್ಕಿದಲ್ಲಿ ತಲೆ ಚಾಚಿ ಮಲಗುತ್ತದೆ. ನನ್ನ ನಾಯಿ ಚಪ್ಪಲಿ ಕಡಿಯುತ್ತದೆ ಅಂತ ದೂರುವ ಒಬ್ಬ ಕುರುಬರನ್ನೂ ನಾನು ನೋಡಿಲ್ಲ.

ನಾನು 31 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹತ್ತು ನಿಮಿಷ ಕೂರುತ್ತಿರಲಿಲ್ಲ, ಕಿಟಕಿ ಹಾರಿ ಹೋಗುತ್ತಿದ್ದ. ಪೆಟ್ಟು ತಿಂದೂ ತಿಂದೂ ಮೊಂಡಾಗಿದ್ದ. ಒಂದು ದಿನ ಅವನಿಗೆ ಶಾಲೆಯ ಗಂಟೆ ಬಾರಿಸುವ ಕೆಲಸ ಕೊಟ್ಟೆವು. ವರಾಂಡದಲ್ಲಿ ರೈಲು ಹಳಿಯ ತುಂಡು ನೇತು ಹಾಕಿತ್ತು. 40 ನಿಮಿಷಕ್ಕೊಮ್ಮೆ ಸರಿಯಾಗಿ ಹೊಡೆಯಬೇಕು. ಅವನು ಗಡಿಯಾರ ನೋಡಿಕೊಂಡು 40 ನಿಮಿಷ ಅಲ್ಲಾಡದೆ ಕೂರುತ್ತಿದ್ದ. ಹೊಡೆಯುವುದು ಒಂದು ನಿಮಿಷದ ಕೆಲಸ. ಉಳಿದ 39 ನಿಮಿಷ ಕಾಯುವುದನ್ನು ಆ ಕೆಲಸವೇ ಅವನಿಗೆ ಕಲಿಸಿತು. ನಾಯಿಯ ವಿಷಯದಲ್ಲೂ ನಾನು ನೋಡಿದ್ದು ಇದನ್ನೇ. ಕೆಲಸ ಅಂದರೆ ಬೆವರು ಮಾತ್ರ ಅಲ್ಲ. ಗಮನ, ಕಾಯುವುದು, ಹುಡುಕುವುದು, ಸಿಕ್ಕಿತು ಅನ್ನುವ ಸಂತೋಷ, ಎಲ್ಲ ಸೇರಿ ಕೆಲಸ.

ಈಗ ಮೂಗಿನ ವಿಷಯಕ್ಕೆ ಬರೋಣ. ನಾನು ಹೆಚ್ಚು ಹೊತ್ತು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಸುಮಾರು 50 ಲಕ್ಷ. ನಾಯಿಗೆ ತಳಿಯನ್ನು ನೋಡಿಕೊಂಡು 10 ಕೋಟಿಯಿಂದ 30 ಕೋಟಿ. ನಾವು ಮನೆಯ ಒಳಗೆ ಕಾಲಿಟ್ಟರೆ ಕಣ್ಣಿನಿಂದ ಮನೆ ನೋಡುತ್ತೇವೆ. ಅದು ಮೂಗಿನಿಂದ ನೋಡುತ್ತದೆ. ಯಾರು ಬಂದಿದ್ದರು, ಯಾವಾಗ ಹೋದರು, ಏನು ಅಡುಗೆ, ಯಾವ ಮೂಲೆಯಲ್ಲಿ ಇಲಿ ಓಡಾಡಿತು, ಎಲ್ಲ ಅದಕ್ಕೆ ಗೊತ್ತು. ಅಂಥ ಮೂಗಿಗೆ ದಿನಾ ಅದೇ ನಾಲ್ಕು ಗೋಡೆ, ಅದೇ ತಟ್ಟೆ, ಎರಡು ನಿಮಿಷದಲ್ಲಿ ಮುಗಿಯುವ ಊಟ ಕೊಟ್ಟರೆ ಉಳಿದ ಹೊತ್ತು ಅದು ಏನು ಮಾಡಬೇಕು ಹೇಳಿ.

ನಿಮ್ಮಲ್ಲಿ ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗಿ ಬಂದವರು ಇದ್ದೀರಿ. ವಿಮಾನ ನಿಲ್ದಾಣದಲ್ಲಿ ಸಾಮಾನು ಬರುವ ಕಡೆ ಅಂಗಿ ತೊಟ್ಟ ಬೀಗಲ್ ನಾಯಿ ಓಡಾಡುವುದನ್ನು ನೋಡಿರಬಹುದು. ಅಲ್ಲಿನ ಕೃಷಿ ಇಲಾಖೆ 1984ರಲ್ಲಿ ಶುರು ಮಾಡಿದ ಪಡೆ ಅದು. ಹಣ್ಣು, ಮಾಂಸ, ಗಿಡದ ತುಂಡು ಯಾವ ಪೆಟ್ಟಿಗೆಯಲ್ಲಿದೆ ಅಂತ ವಾಸನೆಯಿಂದ ಹೇಳುತ್ತದೆ. ಹೇಗೆ ಹೇಳುತ್ತದೆ ಗೊತ್ತಾ? ಬೊಗಳುವುದಿಲ್ಲ, ಪರಚುವುದಿಲ್ಲ. ಆ ಪೆಟ್ಟಿಗೆಯ ಪಕ್ಕ ಸುಮ್ನೆ ಕೂರುತ್ತದೆ. ಕೂತರೆ ತಿಂಡಿ. ಆ ನಾಯಿಗಳಲ್ಲಿ ಹಲವು, ಯಾರಿಗೋ ಬೇಡವಾಗಿ ಆಶ್ರಯ ಕೇಂದ್ರ ಸೇರಿದ್ದವು. ಅದೇ ನಾಯಿ, ಅದೇ ಮೂಗು. ಕೆಲಸ ಸಿಕ್ಕಿತು, ಅಷ್ಟೇ.

ನಮಗೆ ವಿಮಾನ ನಿಲ್ದಾಣ ಬೇಡ. ಒಂದು ಹಿಡಿ ಮಂಡಕ್ಕಿ ಸಾಕು. ದಾವಣಗೆರೆಯಲ್ಲಿ ಮಂಡಕ್ಕಿಗೆ ಬರವೇ?

ನಾನು ಶುರು ಮಾಡಿದ್ದು ಹೀಗೆ. ಮಿರ್ಚಿಯ ಎದುರೇ ನಾಲ್ಕು ಮಂಡಕ್ಕಿ ನೆಲಕ್ಕೆ ಹಾಕಿ “ಹುಡುಕು” ಅಂದೆ. ತಿಂದಳು. ಹೀಗೆ ಎರಡು ದಿನ. ಮೂರನೇ ದಿನ ಸ್ಟೀಲ್ ಲೋಟ ಬೋರಲು ಹಾಕಿ ಒಂದರ ಕೆಳಗೆ ಇಟ್ಟೆ. ಮೊದಲು ಎಲ್ಲ ಲೋಟಗಳನ್ನೂ ಬೀಳಿಸಿದಳು. ನಾಲ್ಕೈದು ದಿನದಲ್ಲಿ ಒಂದೊಂದೇ ಮೂಸಿ ಸರಿಯಾದದ್ದನ್ನು ಮೂಗಿನಿಂದ ತಳ್ಳಲು ಕಲಿತಳು. ಆಮೇಲೆ ಪಕ್ಕದ ಕೋಣೆಯಲ್ಲಿ ಬಚ್ಚಿಟ್ಟು ಬಂದು “ಹುಡುಕು” ಅಂದೆ. ಈಗ ಕುರ್ಚಿಯ ಕಾಲಿನ ಹಿಂದೆ, ಮೆಟ್ಟಿಲಿನ ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ ಎಲ್ಲಿಟ್ಟರೂ ಹದಿನೈದು ನಿಮಿಷದಲ್ಲಿ ಪತ್ತೆ. ಹುಡುಕಿ ಮುಗಿಸಿದ ಮೇಲೆ ನೀರು ಕುಡಿದು ಮಂಚದ ಕೆಳಗೆ ಹೋಗಿ ಮಲಗುತ್ತಾಳೆ. ಅರವತ್ತು ಸಲ ಚೆಂಡು ಎಸೆದರೂ ಬರದ ನಿದ್ದೆ ಇದು.

ಮೊಟ್ಟೆ ಟ್ರೇ ಇನ್ನೊಂದು ಒಳ್ಳೆಯ ಸಾಮಾನು. ಅಂಗಡಿಯವರು ಸುಮ್ನೆ ಕೊಡುತ್ತಾರೆ. ಚೊಕ್ಕವಾಗಿರುವುದನ್ನು ಆರಿಸಿ, ಗುಳಿಗಳಲ್ಲಿ ಅದರ ಊಟದ ಕಾಳು ಹಾಕಿ, ಮೇಲೆ ಹಳೆ ಪೇಪರಿನ ಉಂಡೆ ಮುಚ್ಚಿ. ಹಳೆ ಟವೆಲ್ಲಿನಲ್ಲಿ ಚೂರುಗಳನ್ನು ಹರಡಿ ಚಾಪೆಯಂತೆ ಸುತ್ತಿ ಕೊಡಿ, ಬಿಡಿಸಿಕೊಂಡು ತಿನ್ನುತ್ತದೆ. ಬೂಟಿನ ಡಬ್ಬಿಯೊಳಗೆ ಇನ್ನೊಂದು ಡಬ್ಬಿ. ಪಿನ್ನು, ಟೇಪು ಇದ್ದರೆ ಮೊದಲು ಕಿತ್ತು ಹಾಕಿ. ಕಾಗದ ಹರಿದು ಬಿಸಾಡುವ ನಾಯಿಗೆ ಇದು ಸರಿ. ನುಂಗುವ ನಾಯಿ ಆದರೆ ಬೇಡ, ಲೋಟದ ಆಟವೇ ಸಾಕು. ಮೊದಲ ಕೆಲವು ದಿನ ಪಕ್ಕದಲ್ಲೇ ಕೂತು ನೋಡಿ.

ಆಟ ಸುಲಭದಿಂದ ಶುರುವಾಗಲಿ. ಮೊದಲ ದಿನವೇ ಕಷ್ಟದ್ದು ಕೊಟ್ಟರೆ ಅದು ಕೈ ಚೆಲ್ಲಿ ಟವೆಲ್ಲನ್ನೇ ಕಡಿಯುತ್ತದೆ. ಮತ್ತೆ, ತಿಂಡಿ ಅಂತ ಬೇರೆ ಕೊಡಬೇಡಿ. ದಿನದ ಊಟದಿಂದಲೇ ಒಂದು ಪಾಲು ಬೆಳಿಗ್ಗೆ ತೆಗೆದಿಟ್ಟುಕೊಳ್ಳಿ. ಆರು ಕಿಲೊ ನಾಯಿಗೆ ಅರ್ಧ ಕಿಲೊ ತೂಕ ಹೆಚ್ಚಿದರೂ ಅದು ಭಾರವೇ. ಡ್ಯಾಶ್‌ಹಂಡ್ ಸಾಕಿದವರು ಇನ್ನೂ ಎಚ್ಚರ ಇರಬೇಕು, ಆ ಉದ್ದ ಬೆನ್ನಿಗೆ ತೂಕವೂ ಬೇಡ, ಮಂಚದಿಂದ ಧುಮುಕುವುದೂ ಬೇಡ.

ಮಂಡಕ್ಕಿಯಲ್ಲೂ ಉಪ್ಪು ಇರುತ್ತದೆ. ದಿನಕ್ಕೆ ಒಂದು ಹಿಡಿಗಿಂತ ಕಡಿಮೆ, ಅದೂ ಬರೀ ಮಂಡಕ್ಕಿ. ಒಗ್ಗರಣೆ ಮಂಡಕ್ಕಿ ಖಂಡಿತ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ವಿಷ, ಪಾಯಸದಲ್ಲಿ ಬಿದ್ದದ್ದೂ ಅದೇ ಲೆಕ್ಕ. ಚಾಕೊಲೇಟ್ ಬೇಡ. ಸಕ್ಕರೆ ಇಲ್ಲದ್ದು ಅಂತ ಮಾರುವ ಹಲವು ಚೂಯಿಂಗ್ ಗಮ್ಮುಗಳಲ್ಲಿ ಸಿಹಿಗಾಗಿ ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ಅಪಾಯ. ಬೆಣ್ಣೆ ದೋಸೆಯ ತುಂಡು ಹಾಕುವ ಆಸೆ ನಮಗೆಲ್ಲ ಆಗುತ್ತದೆ. ಅಷ್ಟು ಜಿಡ್ಡು ಒಮ್ಮೆಲೇ ಹೋದರೆ ಮೇದೋಜೀರಕ ಗ್ರಂಥಿ ಊದಿಕೊಂಡು ನರಳುತ್ತದೆ.

ನಮ್ಮ ಜಿಲ್ಲೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಮೆಕ್ಕೆಜೋಳ. ಸುಗ್ಗಿಯಲ್ಲಿ ಎಲ್ಲಿ ನೋಡಿದರೂ ಅದೇ, ಅಲ್ವಾ? ಕಾಳು ಬಿಡಿಸಿದ ದಿಂಡನ್ನು ನಾಯಿಗೆ ಆಡಲು ಎಸೆಯಬೇಡಿ. ಅದರ ತುಂಡು ಹೊಟ್ಟೆಯಲ್ಲಿ ಕರಗುವುದಿಲ್ಲ. ಸಣ್ಣ ನಾಯಿಯ ಕರುಳಿನಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ, ಹೊಟ್ಟೆ ಕುಯ್ದು ತೆಗೆಯಬೇಕಾಗುತ್ತದೆ. ನನ್ನ ತಂಗಿಯ ಮನೆಯ ಪಮೇರಿಯನ್ ಹೀಗೇ ಹೋಯಿತು. ಮೂರು ದಿನ ವಾಂತಿ ಮಾಡಿತು, ಅಜೀರ್ಣ ಅಂತ ಕಾದರು. ಕಾಯಬಾರದಿತ್ತು.

ತೋಡುವ ನಾಯಿಗೆ ತೋಡಬೇಡ ಅಂದರೆ ಮೀನಿಗೆ ಈಜಬೇಡ ಅಂದ ಹಾಗೆ. ಎಲ್ಲಿ ತೋಡಬೇಕು ಅಂತ ಹೇಳಬಹುದು. ನಾವು ಟ್ರ್ಯಾಕ್ಟರಿನ ಹಳೆ ಟೈರ್ ಒಂದನ್ನು ಹಿತ್ತಲಲ್ಲಿ ಇಟ್ಟು ಮರಳು ತುಂಬಿಸಿದೆವು. ಅದರಲ್ಲಿ ಕ್ಯಾರೆಟ್ ತುಂಡು, ಅವಳ ರಬ್ಬರ್ ಬೊಂಬೆ ಹೂತು ತೋರಿಸಿದೆ. ತುಳಸಿ ಕಟ್ಟೆಯ ಹತ್ತಿರ ಕಾಲು ಹಾಕಿದಾಗಲೆಲ್ಲ ಬೈಯದೆ ಟೈರಿಗೆ ಕರೆದುಕೊಂಡು ಹೋದೆ. ಮೂರು ವಾರ ಹಿಡಿಯಿತು. ರಾತ್ರಿ ಅದರ ಮೇಲೆ ತಗಡು ಮುಚ್ಚಿ, ಇಲ್ಲದಿದ್ದರೆ ಬೀದಿ ಬೆಕ್ಕು ಬಂದು ಗಲೀಜು ಮಾಡುತ್ತದೆ.

ಕಡಿಯುವುದೂ ಹಾಗೇ. ಮರಿಗೆ 28 ಹಾಲುಹಲ್ಲು ಇರುತ್ತವೆ. ನಾಲ್ಕು ತಿಂಗಳಿನಿಂದ ಏಳು ತಿಂಗಳೊಳಗೆ ಅವು ಬಿದ್ದು 42 ಹಲ್ಲು ಬರುತ್ತವೆ. ಒಸಡು ನವೆಯಾಗಿ ಸಿಕ್ಕಿದ್ದನ್ನು ಕಡಿಯುತ್ತದೆ. ಫ್ರಿಜ್ಜಿನಲ್ಲಿಟ್ಟ ಕ್ಯಾರೆಟ್ ಕೊಡಿ, ನೀರಲ್ಲಿ ನೆನೆಸಿ ಹಿಂಡಿ ತಣ್ಣಗೆ ಮಾಡಿದ ಬಟ್ಟೆ ಕೊಡಿ. ಬೆಂದ ಮೂಳೆ ಬೇಡ, ಚೂಪಾಗಿ ಸೀಳುತ್ತದೆ. ಅಂಗಡಿಯ ಆಟಿಕೆ ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ, ಸ್ವಲ್ಪವೂ ತಗ್ಗದಷ್ಟು ಗಟ್ಟಿ ಇದ್ದರೆ ಹಲ್ಲು ಮುರಿಯಬಹುದು. ಚೆಂಡು ಕೊಳ್ಳುವುದಾದರೆ ನೀಲಿ ಅಥವಾ ಹಳದಿ. ನಾಯಿಯ ಕಣ್ಣಿಗೆ ಕೆಂಪು ಬೇರೆಯಾಗಿ ಕಾಣುವುದಿಲ್ಲ, ಹುಲ್ಲಿನಲ್ಲಿ ಕೆಂಪು ಚೆಂಡು ಕಳೆದೇ ಹೋಗುತ್ತದೆ. ಮತ್ತೆ, ಹಳೆ ಚಪ್ಪಲಿ ಆಡಲು ಕೊಡಬೇಡಿ. ಹಳೆಯದು ಯಾವುದು, ಹೊಸದು ಯಾವುದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ವಾಕಿಂಗ್ ವಿಷಯ. ನಾನು ಈಗ ಕುಂದವಾಡ ಕೆರೆಯ ಕಡೆ ಕರೆದುಕೊಂಡು ಹೋಗುತ್ತೇನೆ. ಮೊದಲು ಮೂರು ಸುತ್ತು ಬಿರುಸಾಗಿ ನಡೆಯುತ್ತಿದ್ದೆ. ಈಗ ಅರ್ಧ ಗಂಟೆಯಲ್ಲಿ ಅರ್ಧ ಕಿಲೋಮೀಟರ್ ಆದರೂ ಸರಿ. ಅವಳು ಒಂದು ಕಂಬದ ಹತ್ತಿರ ಎರಡು ನಿಮಿಷ ಮೂಸಿದರೆ ನಾನೂ ಎರಡು ನಿಮಿಷ ನಿಲ್ಲುತ್ತೇನೆ. ಹಗ್ಗ ಎಳೆದುಕೊಂಡು ಹೋಗುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ದಿನಕ್ಕೆ ಒಂದೇ ಸಲ ಪೇಪರ್ ಓದಲು ಸಿಕ್ಕಿದವರ ಕೈಯಿಂದ ಪೇಪರ್ ಕಿತ್ತುಕೊಂಡ ಹಾಗೆ ಅದು.

ಮಾರ್ಚ್ ಮುಗಿದರೆ ಬೆಳಿಗ್ಗೆ ಏಳರ ಒಳಗೆ, ಸಂಜೆ ಆರೂವರೆ ಮೇಲೆ ಮಾತ್ರ. ನಮ್ಮೂರಿನ ಏಪ್ರಿಲ್ ಬಿಸಿಲು 38, 39 ಡಿಗ್ರಿ ಮುಟ್ಟುತ್ತದೆ. ನಾಯಿ ಮೈಯಿಂದ ನಮ್ಮ ಹಾಗೆ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟು ಏಳು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು. ಜೊಲ್ಲು ಸುರಿಸಿ ತೂರಾಡಿದರೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಾ ಕೂಡಲೇ ಪಶು ಆಸ್ಪತ್ರೆಗೆ ಓಡಿ. ಅಂಥ ದಿನಗಳಲ್ಲಿ ಮನೆಯೊಳಗಿನ ಮೂಗಿನ ಆಟವೇ ವಾಕಿಂಗ್. ಒಂದು ಬಟ್ಟಲು ಮೊಸರನ್ನವನ್ನು ಫ್ರೀಜರಿನಲ್ಲಿಟ್ಟು ಗಡ್ಡೆ ಕಟ್ಟಿಸಿ ಕೊಟ್ಟರೆ ಇಪ್ಪತ್ತು ನಿಮಿಷ ನೆಕ್ಕುತ್ತಾ ಕೂರುತ್ತದೆ. ಉಪ್ಪು, ಒಗ್ಗರಣೆ ಹಾಕಬೇಡಿ.

ಟೆರಿಯರ್ ಇರುವ ಮನೆಯಲ್ಲಿ ಇಲಿ ಉಳಿಯುವುದಿಲ್ಲ ಅಂತ ಖುಷಿಪಡುವವರಿದ್ದಾರೆ. ಇಲಿಯ ಮೂತ್ರದಿಂದ ಇಲಿ ಜ್ವರ ನಾಯಿಗೂ ಬರುತ್ತದೆ, ನಮಗೂ ಬರುತ್ತದೆ. ಪಾಷಾಣ ತಿಂದ ಇಲಿಯನ್ನು ನಾಯಿ ತಿಂದರೆ ನಾಯಿಗೂ ವಿಷ. ರೇಬೀಸ್ ಲಸಿಕೆ ಹಾಕಿಸುವಾಗ ಇಲಿ ಜ್ವರದ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಇನ್ನು ಮಾತು ಕಲಿಸುವುದು. ‘ನಾಯಿ ಬಾಲ ಡೊಂಕು’ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಬಾಲ ಡೊಂಕೇ ಇರಲಿ, ಬಾಲ ಯಾರಿಗೂ ತೊಂದರೆ ಕೊಟ್ಟಿಲ್ಲ. ನಮ್ಮ ಮನೆಯಲ್ಲಿ ಡೊಂಕು ಇದ್ದದ್ದು ನಮ್ಮ ಮಾತಿನಲ್ಲಿ. ಯಜಮಾನರು “ಇಳಿ” ಅನ್ನುತ್ತಿದ್ದರು, ಮೊಮ್ಮಗಳು “ಡೌನ್” ಅನ್ನುತ್ತಿದ್ದಳು, ನಾನು “ಕೆಳಗೆ” ಅನ್ನುತ್ತಿದ್ದೆ. ಒಂದು ದಿನ ಮೂವರೂ ಕೂತು ನಾಲ್ಕು ಮಾತು ಗೊತ್ತು ಮಾಡಿಕೊಂಡೆವು. ಬಾ, ಕೂತ್ಕೋ, ಬಿಡು, ಇಳಿ. ದಿನಕ್ಕೆ ಮೂರು ಸಲ, ಐದೈದು ನಿಮಿಷ, ಊಟಕ್ಕೆ ಮುಂಚೆ. ಸರಿ ಮಾಡಿದ ಆ ಕ್ಷಣವೇ ಒಂದು ಚೂರು ತಿಂಡಿ, ಒಂದು ಒಳ್ಳೆಯ ಮಾತು.

ಹಾಲಿನವರ ಪ್ಯಾಂಟಿನ ಸಮಸ್ಯೆಗೆ ಎರಡು ತಿಂಗಳು ಹಿಡಿಯಿತು. ಬಾಗಿಲಿನಿಂದ ಆರಡಿ ದೂರದಲ್ಲಿ ಒಂದು ಚಾಪೆ ಹಾಕಿದೆ. ಗಂಟೆ ಬಾರಿಸಿದರೆ ತಿಂಡಿ ಬೀಳುವುದು ಚಾಪೆಯ ಮೇಲೆ, ಬೇರೆಲ್ಲೂ ಅಲ್ಲ. ಮೊದಲು ನಾವೇ ಹೊರಗೆ ಹೋಗಿ ಗಂಟೆ ಬಾರಿಸಿ ಅಭ್ಯಾಸ ಮಾಡಿಸಿದೆವು. ಆಮೇಲೆ ಹಾಲಿನವರ ಕೈಗೇ ರೊಟ್ಟಿಯ ಚೂರು ಕೊಟ್ಟು ಚಾಪೆಗೆ ಎಸೆಯಲು ಹೇಳಿದೆ. ಪಾಪ, ಅವರು ದಿನಾ ಎರಡು ನಿಮಿಷ ಹೆಚ್ಚು ನಿಂತರು. ಈಗ ಗಂಟೆ ಕೇಳಿದರೆ ಎರಡು ಸಲ ಬೊಗಳಿ ಚಾಪೆಗೆ ಓಡುತ್ತಾಳೆ. ಆ ಎರಡು ಸಲವನ್ನು ನಾನು ಬಿಡಿಸಲು ಹೋಗಿಲ್ಲ. ಅದು ಅವಳ ಹಕ್ಕು.

ಹೊಡೆಯುವ ಬಗ್ಗೆ ಒಂದೇ ಮಾತು. ಸಂಜೆ ಮನೆಗೆ ಬಂದು ಬೆಳಿಗ್ಗೆ ಹರಿದ ದಿಂಬಿಗಾಗಿ ನಾಯಿಗೆ ಹೊಡೆದರೆ, ದಿಂಬಿಗೂ ಪೆಟ್ಟಿಗೂ ಇರುವ ಸಂಬಂಧ ಅದಕ್ಕೆ ಗೊತ್ತಾಗುವುದಿಲ್ಲ. “ಇಲ್ಲ ಮೇಡಂ, ತಪ್ಪು ಮಾಡಿದೀನಿ ಅಂತ ಮುಖ ಸಣ್ಣ ಮಾಡುತ್ತೆ” ಅಂತ ನೀವು ಹೇಳಬಹುದು. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿದರು. ತಿನ್ನಬೇಡ ಅಂತ ಹೇಳಿ ಯಜಮಾನರು ಹೊರಗೆ ಹೋಗುವುದು, ಕೆಲವು ಸಲ ತಿನ್ನದ ನಾಯಿಯನ್ನೂ ತಿಂದಿದೆ ಅಂತ ಅವರಿಗೆ ಹೇಳುವುದು. ನಾಯಿ ಮುಖ ಸಣ್ಣ ಮಾಡಿದ್ದು ತಾನು ತಿಂದದ್ದಕ್ಕಲ್ಲ, ಯಜಮಾನರು ಗದರಿದ್ದಕ್ಕೆ. ತಿನ್ನದೇ ಬೈಸಿಕೊಂಡ ನಾಯಿಗಳ ಮುಖ ಇನ್ನೂ ಸಣ್ಣಗಾಗಿತ್ತು. ಇದನ್ನು ಓದಿದ ರಾತ್ರಿ ಮಿರ್ಚಿಗೆ ಮೊದಲ ತಿಂಗಳಲ್ಲಿ ಕೊಟ್ಟ ಎರಡು ಪೆಟ್ಟು ನೆನಪಾಗಿ ನನಗೆ ನಿದ್ದೆ ಬರಲಿಲ್ಲ.

ಕೆಲಸದಷ್ಟೇ ನಿದ್ದೆಯೂ ಬೇಕು. ಇದನ್ನು ಯಾರೂ ಹೇಳುವುದಿಲ್ಲ. ದುಗ್ಗಮ್ಮನ ಜಾತ್ರೆಗೆ ಕರೆದುಕೊಂಡು ಹೋದ ಮಗು ರಾತ್ರಿ ಹತ್ತರ ಹೊತ್ತಿಗೆ ಏನು ಮಾಡುತ್ತದೆ? ಅಳುತ್ತದೆ, ಬಿದ್ದು ಹೊರಳುತ್ತದೆ, ಬಲೂನು ಕೊಟ್ಟರೆ ಬಿಸಾಡುತ್ತದೆ. ಇನ್ನೊಂದು ಆಟಿಕೆ ಬೇಕು ಅಂತ ಅಲ್ಲ, ನಿದ್ದೆ ಬೇಕು ಅಂತ. ಮರಿ ದಿನಕ್ಕೆ 18 ಗಂಟೆ ಮಲಗಬೇಕು, ದೊಡ್ಡ ನಾಯಿ 12ರಿಂದ 14 ಗಂಟೆ. ಸಂಜೆ ಏಳಕ್ಕೆ ಮನೆ ತುಂಬ ಹುಚ್ಚೆದ್ದು ಸುತ್ತುವ ಎಷ್ಟೋ ಮರಿಗಳಿಗೆ ಸಾಕಷ್ಟು ನಿದ್ದೆ ಆಗಿರುವುದಿಲ್ಲ. ಆಗ ಚೆಂಡು ತೆಗೆಯಬೇಡಿ. ಟಿವಿ ಸಣ್ಣಗೆ ಮಾಡಿ, ದೀಪ ಆರಿಸಿ, ನೆಕ್ಕಲು ಏನಾದರೂ ಕೊಟ್ಟು ಅದರ ಜಾಗಕ್ಕೆ ಬಿಡಿ. ಮಿರ್ಚಿಯ ಜಾಗ ನಮ್ಮ ಮಂಚದ ಕೆಳಗೆ. ಬಿಲದ ನಾಯಿ ಅಲ್ಲವಾ, ಮೇಲೆ ಸೂರು ತಗುಲಿದರೆ ನೆಮ್ಮದಿ. ಅವಳು ಅಲ್ಲಿದ್ದಾಗ ಯಾರೂ ಮಾತಾಡಿಸುವಂತಿಲ್ಲ, ಮೊಮ್ಮಗಳೂ ಕೂಡ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು ಏನು ಮಾಡಬೇಕು ಅಂತ ಈ ಕಡೆಯಿಂದ ಒಬ್ಬರು ಕೇಳುತ್ತಿದ್ದಾರೆ. ಹೊರಡುವ ಮುನ್ನ 20 ನಿಮಿಷ ಮೂಸುವ ವಾಕಿಂಗ್, ಹೊರಡುವಾಗ ಒಂದು ಹುಡುಕುವ ಆಟ. ಮಧ್ಯಾಹ್ನ ಒಮ್ಮೆ ಯಾರಾದರೂ ಬಂದು ಬಾಗಿಲು ತೆಗೆಯಬೇಕು. ಪಕ್ಕದ ಮನೆಯ ಕಾಲೇಜು ಹುಡುಗ, ನಿವೃತ್ತರಾದ ಅಂಕಲ್, ಯಾರಾದರೂ ಸರಿ. ಯಾರೂ ಸಿಗದಿದ್ದರೆ, ದಿನಾ ಹತ್ತು ಗಂಟೆ ಒಂಟಿಯಾಗಿ ಬಿಡಬೇಕಾಗಿದ್ದರೆ, ಈ ಜಾತಿಯ ನಾಯಿ ತರಬೇಡಿ. ನನ್ನ ಮಗನಿಗೂ ನಾನು ಇದನ್ನೇ ಹೇಳಿದ್ದು.

ವಯಸ್ಸಾದ ಮೇಲೆ ತಣ್ಣಗಾಗುತ್ತಾ ಅಂತ ಇನ್ನೊಂದು ಪ್ರಶ್ನೆ. ಜಾಕ್ ರಸೆಲ್ 13ರಿಂದ 16 ವರ್ಷ ಬಾಳುವ ನಾಯಿ. ಹತ್ತು ವರ್ಷದಲ್ಲೂ ಹಲವು ಮರಿಯ ಹಾಗೇ ಇರುತ್ತವೆ. ಮಿರ್ಚಿ ತಣ್ಣಗಾಗಲಿ ಅಂತ ನಾನು ಈಗ ಕಾಯುತ್ತಿಲ್ಲ. ನನಗೂ ಬೆಳಿಗ್ಗೆ ಏಳಲು ಒಂದು ಕೆಲಸ ಸಿಕ್ಕಿದೆ.

ಬಾಗಿಲ ಹತ್ತಿರ ಮೇಜಿನ ಮೇಲೆ ಮೊಟ್ಟೆ ಟ್ರೇ ಜೋಡಿಸಿಟ್ಟಿದ್ದೇನೆ, ಮನೆಗೊಂದು ಅಂತ. ಹೋಗುವಾಗ ತೆಗೆದುಕೊಳ್ಳಿ. ಇವತ್ತು ರಾತ್ರಿಯ ಊಟವನ್ನು ತಟ್ಟೆಗೆ ಹಾಕಬೇಡಿ, ಅದರಲ್ಲಿ ಹಾಕಿ ಕೊಡಿ. ಪಕ್ಕದಲ್ಲಿ ಕೂತು ಅದರ ಮೂಗು ನೋಡಿ.